ಅಣ್ಣನ ಲಾರಿಗೆ ನಾಲ್ಕು ನಿಂಬೆಹಣ್ಣು

ಅರವತ್ತರ ಹತ್ತಿರ ಬಂದ ಗಂಡಸು ಮೊಳದುದ್ದದ ಆಟದ ಲಾರಿಯ ಮುಂದೆ ಕೂತು ಬೆವರುವುದು ಮರ್ಯಾದಸ್ಥರ ಲಕ್ಷಣವಲ್ಲ. ಆದರೂ ಕಳೆದ ಆಯುಧಪೂಜೆಯ ಬೆಳಿಗ್ಗೆ ಚಾಮರಾಜಪೇಟೆಯ ನಮ್ಮ ನಡುಮನೆಯಲ್ಲಿ ನಾನು ಧಾರಾಕಾರವಾಗಿ ಬೆವರುತ್ತಿದ್ದೆ. ಅಣ್ಣ ಬರುವ ಹೊತ್ತಾಗಿತ್ತು.

ಲಾರಿ ಅವನದು. ಸೋದರಮಾವ ಸಿಂಗಪುರದಿಂದ ಅವನಿಗೆಂದೇ ತಂದದ್ದು. ರಿಮೋಟ್ ಒತ್ತಿದರೆ ಓಡುವ ಲಾರಿ ನಮ್ಮ ಬೀದಿಗೆಲ್ಲ ಅದೊಂದೇ. ನನಗೆ ಹತ್ತು ವರ್ಷವಿದ್ದಾಗ, ಅವನಿಲ್ಲದ ಹೊತ್ತು ನೋಡಿ ಹೊರಗೆ ಓಡಿಸಿದೆ. ಅದು ನೆಟ್ಟಗೆ ಹೋಗಿ ಮೋರಿಗೆ ಬಿತ್ತು. ಅಣ್ಣ ಹೊಡೆಯಲಿಲ್ಲ, ಬೈಯಲಿಲ್ಲ. ತೊಳೆದು, ಒರೆಸಿ, ಅಟ್ಟದ ಮೇಲಿಟ್ಟ. ಆಮೇಲೆ ತನ್ನದೆನ್ನುವ ಯಾವುದನ್ನೂ ನನ್ನ ಕೈಗೆ ಕೊಡಲಿಲ್ಲ. ಪೆನ್ನಿಲ್ಲ, ಸೈಕಲ್ಲಿಲ್ಲ, ಸ್ಕೂಟರಿನ ಕೀಲಿಯಂತೂ ಇಲ್ಲವೇ ಇಲ್ಲ. ಈಗ ಮಲ್ಲೇಶ್ವರದಲ್ಲಿದ್ದಾನೆ. ಮೆಟ್ರೋ ಹತ್ತಿದರೆ ಎಷ್ಟು ಹೊತ್ತಿನ ದಾರಿ? ಬರುವುದು ಮಾತ್ರ ವರ್ಷಕ್ಕೊಮ್ಮೆ, ಈ ಹಬ್ಬಕ್ಕೆ. ಒಬ್ಬಟ್ಟು ತಿಂದು, ಕೈ ತೊಳೆದು, ಹೊರಡುತ್ತಾನೆ. ನಮ್ಮಲ್ಲಿ ಜಗಳವಿಲ್ಲ. ಇದ್ದಿದ್ದರೆ ರಾಜಿಯಾದರೂ ಆಗಬಹುದಿತ್ತು.

ಹಾಗಾಗಿ ಈ ವರ್ಷ ಲಾರಿಯನ್ನು ಅಟ್ಟದಿಂದ ಗುಟ್ಟಾಗಿ ಇಳಿಸಿದೆ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಹೆಪ್ಪುಗಟ್ಟಿತ್ತು. ಮೂರು ತಿಂಗಳು ಕೂತು ಮೋಟಾರು ಬದಲಿಸಿದೆ, ತಂತಿ ಬೆಸೆದೆ, ಹೊಸ ರಿಮೋಟ್ ಹೊಂದಿಸಿದೆ. ಒಳಗಿನ ಪ್ಲಾಸ್ಟಿಕ್ ಗೇರಿಗೆ ಮಾತ್ರ ಬದಲಿ ಎಲ್ಲೂ ಸಿಗಲಿಲ್ಲ. ಅದರ ಹಲ್ಲುಗಳೂ ನನ್ನ ಹಲ್ಲುಗಳ ಹಾಗೆ, ಇದ್ದಷ್ಟು ದಿನ ಇದ್ದಾವು ಎನ್ನುವ ಸ್ಥಿತಿ. ಇಷ್ಟಕ್ಕೇ ಸುಮ್ಮನಿರದೆ, ತರಗುಪೇಟೆಗೆ ಬೇಳೆ ಮೂಟೆ ಹೊರುತ್ತಿದ್ದ ನಮ್ಮಪ್ಪನ ಲಾರಿಯಂತೆಯೇ ಅದನ್ನು ಸಿಂಗರಿಸಬೇಕೆಂಬ ಹುಚ್ಚು ಹತ್ತಿತು. ಕಲಾಸಿಪಾಳ್ಯದಲ್ಲಿ ಲಾರಿಗಳಿಗೆ ಬಣ್ಣ ಬಳಿಯುವವರೊಬ್ಬರನ್ನು ಹುಡುಕಿಕೊಂಡು ಹೋದೆ.

“ಗಾಡಿ ಎಲ್ ನಿಲ್ಸಿದೀರಾ ಸಾರ್?” ಎಂದರು.

ಕೈಚೀಲದಿಂದ ತೆಗೆದು ತೋರಿಸಿದೆ. ಅವರು ನಗಲಿಲ್ಲ. ಸುತ್ತಲೂ ತಿರುಗಿಸಿ ನೋಡಿ, “ಹಸಿರು ಹಣೆಗೆ ಹಳದಿ ಅಂಚು ಬರ್ಬೇಕಲ್ವಾ?” ಎಂದರು. ಅಪ್ಪನ ಲಾರಿಯ ಹಣೆಗೂ ಅದೇ ಅಂಚಿತ್ತು. ನನಗೆ ಕಣ್ಣು ತುಂಬಿಬಂತು.

ಆಯುಧಪೂಜೆಯ ತತ್ವ ದೊಡ್ಡದು. ದುಡಿಯುವ ವಸ್ತುವಿಗೆ ಒಂದು ದಿನ ನಮಸ್ಕಾರ, ಒಂದು ದಿನ ವಿಶ್ರಾಂತಿ. ನಮ್ಮಲ್ಲಿ ಮಿಕ್ಸಿಗೂ ಕುಂಕುಮವುಂಟು. ಆಟಿಕೆ ದುಡಿಯುತ್ತದೆಯೇ ಎಂದು ಶಾಸ್ತ್ರ ಕೇಳಿದರೆ, ಮೂರು ತಿಂಗಳು ನನ್ನನ್ನು ದುಡಿಸಿದೆ ಎನ್ನಬಹುದು. ಲಾರಿಗೆ ಹೂ ಮುಡಿಸಿ, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟೆ. ಸ್ಪ್ಯಾನರು, ಸುತ್ತಿಗೆ, ಸ್ಕ್ರೂಡ್ರೈವರುಗಳನ್ನು ದೇವರ ಮುಂದೆ ಜೋಡಿಸಿದೆ.

“ರೀ, ನಿಂಬೆಹಣ್ಣೇ ಚಕ್ರದಷ್ಟಿದೆಯಲ್ರೀ,” ಎಂದಳು ಹೆಂಡತಿ. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಅಣ್ಣ ಒಳಗೆ ಬಂದವನು ಲಾರಿಯನ್ನು ಕಂಡು ಹಾಗೇ ನಿಂತ. ಹಸಿರು ಹಣೆ ನೋಡಿದ, ನನ್ನನ್ನು ನೋಡಿದ. ಕುರ್ಚಿಯ ತುದಿಯಲ್ಲಿ ಕೂತ. ಮಂಗಳಾರತಿಯಾಯಿತು. ನಾನು ರಿಮೋಟ್ ಹಿಡಿದೆ, ಅಂಗೈ ಜಾರುತ್ತಿತ್ತು. ಒತ್ತಿದೆ. ಮುಂದಿನ ಚಕ್ರ ನಿಂಬೆಹಣ್ಣನ್ನು ಹತ್ತಲು ನೋಡಿತು, ಜಾರಿತು, ಮತ್ತೆ ಹತ್ತಲು ನೋಡಿತು. ಮೋಟಾರು ಕೀರಲು ದನಿ ತೆಗೆಯಿತು. ನಾಲ್ಕು ಬೆರಳಷ್ಟು ಹಿಂದಕ್ಕೆ ಸರಿಸಿದ್ದರೆ ಸಾಕಿತ್ತು. ಆದರೆ ಪೂಜೆಯಾದ ಗಾಡಿ ಹಿಂದೆ ಸರಿಯಬಾರದೆಂಬುದು ಅಪ್ಪನ ಕಟ್ಟಪ್ಪಣೆ. ಆ ಅಪ್ಪಣೆ ನನ್ನ ಹೆಬ್ಬೆರಳಿನಲ್ಲಿ ಕೂತಿತ್ತು. ಇನ್ನಷ್ಟು ಒತ್ತಿದೆ.

“ಸಾಕು ನಿಲ್ಸೋ! ಗೇರ್ ಹೋಗತ್ತೆ!” ಅಣ್ಣ ಕೂಗಿ ಎದ್ದ.

ಕಟ್ ಎಂದಿತು. ಮೋಟಾರು ತಿರುಗುತ್ತಲೇ ಇತ್ತು, ಚಕ್ರ ತಿರುಗಲಿಲ್ಲ. ಎರಡನೆಯ ಸಲವೂ ಅವನ ಲಾರಿಯನ್ನು ನಾನೇ ಕೆಡಿಸಿದ್ದೆ. ತಲೆಯೆತ್ತಲು ಧೈರ್ಯ ಬರಲಿಲ್ಲ.

ಅಣ್ಣ ಮಂಡಿನೋವು ಮರೆತು ನೆಲದ ಮೇಲೆ ಕೂತ. ಲಾರಿಯನ್ನು ಮಗುಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ಎರಡು ಹಲ್ಲು ಹೋಗಿದೆ ಅಷ್ಟೇ. ಹೊಸ ಗೇರ್ ಮಾಡ್ಸೋಣ, ಮಲ್ಲೇಶ್ವರದಲ್ಲಿ ಒಬ್ರು ಮಾಡ್ಕೊಡ್ತಾರೆ. ಇವತ್ತು ಬಿಚ್ಚೋ ಹಾಗಿಲ್ಲ, ಆಯುಧ ಮುಟ್ಟಬಾರ್ದು. ಭಾನುವಾರ ಬರ್ತೀನಿ. ಅಲ್ಲೀವರ್ಗೂ ನೀನೂ ಬಿಚ್ಬೇಡ.”

ಭಾನುವಾರ ಬರುತ್ತೇನೆಂದು ಅಣ್ಣ ಹೇಳಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ಲಾರಿ ಓಡಿಬಿಟ್ಟಿದ್ದರೆ “ಚೆನ್ನಾಗಿದೆ” ಎಂದು ಒಬ್ಬಟ್ಟು ತಿಂದು ಹೊರಟುಬಿಡುತ್ತಿದ್ದನೇನೋ.

ಸಂಜೆ ನೋಡಿದರೆ ದೇವರ ಮುಂದಿನ ಸ್ಕ್ರೂಡ್ರೈವರ್ ಕಾಣೆ. ಫೋನು ಮಾಡಿದೆ.

“ನನ್ ಜೇಬಲ್ಲಿದೆ ಕಣೋ. ನಿನ್ ಕೈಲಿದ್ರೆ ಭಾನುವಾರದವರ್ಗೂ ಕಾಯ್ತೀಯಾ ನೀನು?”

ಐವತ್ತು ವರ್ಷವಾಗುತ್ತ ಬಂದರೂ ಅಣ್ಣನಿಗೆ ನನ್ನ ಕೈಯ ಮೇಲೆ ನಂಬಿಕೆ ಬಂದಿಲ್ಲ. ನನಗೂ ಅಷ್ಟಕ್ಕಷ್ಟೇ. ಮನೆಯಲ್ಲಿ ಇನ್ನೊಂದು ಸ್ಕ್ರೂಡ್ರೈವರ್ ಇತ್ತು. ಅದನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲಿಟ್ಟೆ.