ಎಡಗಡೆಯ ಪಾವಟಿಗೆ

ನಮ್ಮ ಭಾವನವರ ಹಿಮ್ಮಡಿ ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು. ಒಂದೊಂದು ಬಿರುಕಿನಲ್ಲಿ ಜೋಳದ ಕಾಳು ಕೂಡುವಷ್ಟು ಜಾಗ. ಆ ಕಾಲನ್ನೇ ಊರಿ, ವಯಸ್ಸಾದ ಮೇಲೂ ಪಿಕಪ್ ಗಾಡಿಗೆ ಒಂದೇ ನೆಗೆತಕ್ಕೆ ಹತ್ತುತ್ತಿದ್ದರು. ತಮಗೆ ಆಗುವುದು ಇನ್ನೊಬ್ಬರಿಗೆ ಆಗದಿದ್ದರೆ ಅದು ಸೋಗು ಎಂದೇ ಅವರ ಲೆಕ್ಕ.

ಅವರು ನನ್ನ ಗಂಡನ ಅಣ್ಣ. ಡೋಣಿ ಊರಿನ ಮನೆಯಲ್ಲಿ ಕೂಡಿಯೇ ಇದ್ದೆವು. ಅವರು ನನಗೆ ಸೇರುತ್ತಿರಲಿಲ್ಲ, ನಾನು ಅವರಿಗೆ ಸೇರುತ್ತಿರಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಮಾತಾಡುವಂತಿಲ್ಲ. ಸೆರಗು ಹೊದ್ದು, ಬಾಗಿಲ ಮರೆಯಲ್ಲಿ ನಿಂತು, ಗೋಡೆಗೋ ಎಮ್ಮೆಗೋ ಹೇಳಿದ ಹಾಗೆ ಹೇಳಬೇಕು. ನಮ್ಮ ಜಗಳವನ್ನೆಲ್ಲ ಎಮ್ಮೆ ಕೇಳಿದೆ. ಅವರೂ ಹೆಂಡತಿಗೇ ಹೇಳುತ್ತಿದ್ದರು: “ಅಕಿ ನಾಲಿಗ್ಯಾಗಿರೋ ಖಾರ ಸಾರಿನಾಗೂ ಸ್ವಲ್ಪ ಬರ್ಲಿ ಅಂತ ಹೇಳು.”

ಆ ಹೆಂಡತಿ, ನನ್ನ ನೆಗೆಣ್ಣಿ. ಅಕ್ಕ ಎಂದು ಕರೆಯುತ್ತಿದ್ದೆ. ಅವಳ ಮೊಣಕಾಲು ಹೋಗಿದ್ದವು. ಗದಗ ಜಿಲ್ಲೆಯಾದ ಮೇಲೆ ಒಳ್ಳೆಯ ಡಾಕ್ಟರು ಅಲ್ಲೇ ಸಿಗುತ್ತಾರೆಂದು ಹೋಗುತ್ತಿದ್ದೆವು. ಗಾಡಿ ಎತ್ತರ. ಊರಲ್ಲಿ ಮಕ್ಕಳು ಎತ್ತಿ ಕೂಡಿಸುತ್ತಿದ್ದರು. ಗದಗಿನಲ್ಲಿ ಭಾವ ದಾರಿಹೋಕರನ್ನು ಕರೆಯುತ್ತಿದ್ದರು. ಗುರುತಿಲ್ಲದ ಗಂಡಸರು ಅಕ್ಕನ ಕಂಕುಳಿಗೆ ಕೈ ಹಾಕಿ ಎತ್ತುವುದು, ಭಾವ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತ ಕೂಡುವುದು. ಒಂದು ದಿನ ಹಾಗೆ ಎತ್ತುವಾಗ ಅವಳ ಸೀರೆ ಮೊಣಕಾಲಿನ ತನಕ ಸರಿಯಿತು. ಯಾರೋ ನಕ್ಕರು.

“ಇನ್ನ ದವಾಖಾನಿ ಸಾಕಬೇ. ಮನ್ಯಾಗ ತೆವಳಿಕೊಂಡ ಇರ್ತೀನಿ,” ಎಂದಳು ಅಕ್ಕ.

ಅಲ್ಲಿಂದ ಭಾವ ಗಾಡಿಯನ್ನು ಬೆಟಗೇರಿಯ ವೆಲ್ಡಿಂಗ್ ಅಂಗಡಿಗೆ ತಂದರು. ಗುಡ್ಡದ ಬುಡದ ನಮ್ಮ ಹೊಲದ ದಾರಿ ಬರೀ ಕಲ್ಲು. ಬಾಗಿಲ ಕೆಳಗಿನ ತಗಡು ನೆಗ್ಗಿತ್ತು. ಎರಡೂ ಬದಿಗೆ ದಪ್ಪ ಪೈಪು ಬೆಸೆದರೆ ಕಲ್ಲು ಪೈಪಿಗೆ ಬಡಿಯುತ್ತದೆ, ತಗಡು ಉಳಿಯುತ್ತದೆ ಎಂದು ಅವರ ಎಣಿಕೆ. ಆದರೆ ಆ ಪೈಪು ಮೇಲೆ ಗಾಡಿಗೇ ಅಂಟಿಕೊಂಡಿರುತ್ತದೆ, ಕಾಲಿಡಲು ಬರುವುದಿಲ್ಲ. ಪಕ್ಕದ ಇನ್ನೊಂದು ಗಾಡಿಗೆ ಕಾಲಿಟ್ಟು ಹತ್ತಲು ಕೆಳಗೆ ಇಳಿಬಿಟ್ಟ ಪಾವಟಿಗೆ ಹಾಕಿದ್ದರು. ಅದನ್ನು ನಾನು ನೋಡಿದೆ. ಕೆಲಸ ಮಾಡಲು ಅಡ್ಡಿಯಾಗುತ್ತದೆಂದು ಅಕ್ಕನನ್ನು ಇಳಿಸಿ ಸ್ಟೂಲಿನ ಮೇಲೆ ಕೂಡಿಸಿದ್ದರು.

ಸೆರಗು ಎಳೆದುಕೊಂಡು ವೆಲ್ಡರನಿಗೆ ಹೇಳಿದೆ: “ಅಣ್ಣಾರ, ಭಾವಾರಿಗೆ ಹೇಳ್ರಿ, ಅಂಥಾ ಪಾವಟಿಗಿ ಹಾಕಸ್ರಿ ಅಂತ. ಅಕ್ಕ ತಾನ ಹತ್ತತಾಳ.”

ಭಾವ ಮೊಳ ದೂರದಲ್ಲಿದ್ದರು. “ಅಕಿಗೆ ಹೇಳಪಾ, ಕಲ್ಲಿಗೆ ಬಡದು ಪಾವಟಿಗಿ ಮೊದಲನೇ ದಿನಾನ ಡೊಂಕ ಆಗತೈತಿ. ಇದು ಹೊಲದ ಗಾಡಿ, ಬೀಗರ ಟಾಂಗಾ ಅಲ್ಲ.”

ವೆಲ್ಡರ ಕನ್ನಡಕ ಹಣೆಗೇರಿಸಿ ಇಬ್ಬರನ್ನೂ ನೋಡಿದ. “ಇಬ್ಬರಿಗೂ ಕಿವಿ ಅದಾವಲ್ರಿ. ನಡುವ ನಾ ಯಾಕ?”

ಸೆರಗು ಹಿಂದೆ ಸರಿಸಿದೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರ ಮುಖ ನೋಡಿ ಮಾತಾಡಿದೆ. “ಭಾವಾರ, ಪೈಪ ಹಾಕಸ್ರಿ. ಆದ್ರ ಇವತ್ತಿನಿಂದ ಅಕ್ಕನ್ನ ನೀವ ಎತ್ತಬೇಕು. ಮಂದಿ ಕೈ ಬ್ಯಾಡ. ಈಗ ಎತ್ರಿ, ಈ ಬಜಾರದಾಗ.”

ಬೀದಿಯಲ್ಲಿ ಹೆಂಡತಿಯ ಪಕ್ಕ ನಡೆದ ಮನುಷ್ಯನೇ ಅಲ್ಲ ಅವರು. ಯಾವಾಗಲೂ ನಾಲ್ಕು ಮಾರು ಮುಂದೆ. ಅಕ್ಕನನ್ನು ನೋಡಿದರು, ಬೀದಿಯನ್ನು ನೋಡಿದರು, ಉಗುಳಿದರು. “ಅಕಿ ಹತ್ತೋ ಕಡೆ ಪಾವಟಿಗಿ ಹಾಕು. ನನ್ನ ಕಡೆ ಪೈಪ. ಈ ಬಾಯಿ ಒಮ್ಮೆ ಬಂದ್ ಆಗ್ಲಿ.”

ಪಾವಟಿಗೆ ಬೆಸೆದ ಮೇಲೆ ಅಕ್ಕ ಅದನ್ನು ತುಳಿದು, ಬಾಗಿಲು ಹಿಡಿದು, ನರಳುತ್ತ ಹತ್ತಿದಳು. ಯಾರೂ ಮುಟ್ಟಲಿಲ್ಲ. ಭಾವ ಆ ಮುಂಗಾರು ಮುಗಿಯುವ ತನಕ ನಾನು ಮಾಡಿದ ಅಡುಗೆ ಉಣ್ಣಲಿಲ್ಲ. ಅಷ್ಟು ರೊಟ್ಟಿ ಬಡಿಯುವುದು ನನಗೆ ತಪ್ಪಿತು.

ಪಾವಟಿಗೆ ಅವರು ಹೇಳಿದಂತೆಯೇ ಡೊಂಕಾಯಿತು, ಮತ್ತೆ ಮತ್ತೆ. ಪ್ರತಿ ಸಲ ಗಾಡಿಯ ಕೆಳಗೆ ಮಲಗಿ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುತ್ತಿದ್ದರು. ಏಟಿಗೊಂದು ಬೈಗುಳ ನನಗೆ, ಅಡುಗೆಮನೆಗೆ ಕೇಳುವ ಹಾಗೆ. ನಾನು ಹೊರಗೆ ಬಂದು ಎದುರಿಗೇ ಬೈಯುತ್ತಿದ್ದೆ. ಆದರೆ ದವಾಖಾನೆಯ ದಿನ ಅದು ಡೊಂಕಾಗಿದ್ದನ್ನು ನಾನು ಕಂಡಿಲ್ಲ.

ಅವರು ಸತ್ತಾಗ ಹೆಂಗಸರು ಹೆಣದ ಸುತ್ತ ಕೂತು ಹಾಡ್ಯಾಡಿ ಅತ್ತರು. ನಮ್ಮಲ್ಲಿ ಒಬ್ಬೊಬ್ಬಳೂ ಸತ್ತವನ ಒಂದು ಗುಣ ಎತ್ತಿ ಹಾಡಬೇಕು. ಕೊಡುಗೈ ಎಂದಳು ಒಬ್ಬಳು. ಮಾತು ಬೆಲ್ಲ ಎಂದಳು ಇನ್ನೊಬ್ಬಳು. ಎರಡೂ ಸುಳ್ಳು. ನನ್ನ ಸರದಿ ಬಂತು.

“ಪಾವಟಿಗಿ ನೆಟ್ಟಗ ಮಾಡಿ ಕೊಟ್ಟ್ಯೋ ನನ್ನ ಭಾವಾ,” ಎಂದೆ. ಮುಂದೆ ಹಾಡಲು ಏನೂ ಸಿಗಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಅಕ್ಕ ನನ್ನ ಕೈ ಹಿಡಿದಳು. “ಅಷ್ಟ ಸಾಕಬೇ. ಅದೊಂದು ಖರೆ ಐತಿ.”