ಥೀಬ್ಸಿನ ಮಣ್ಣು ಕೆರೆಯುವ ಅರ್ಗಿರಿಸ್

ಬೆಳಕು ಹರಿಯುವ ಮೊದಲೇ, ಪುರಾತತ್ವ ಇಲಾಖೆಗೆ ಅಗೆಯುವ ಅರ್ಗಿರಿಸ್ ಹೊಸ ಮನೆಯೊಂದರ ಪಾಯದ ಗುಂಡಿಗೆ ಇಳಿದಿದ್ದಾರೆ. ಮೊಣಕಾಲೂರಿ ಸಣ್ಣ ಗುದ್ದಲಿಯಿಂದ ಮಣ್ಣು ಕೆರೆಯುತ್ತಾರೆ. ಸದ್ದು ಬದಲಾದರೆ ಗುದ್ದಲಿ ಬಿಟ್ಟು ಕುಂಚ ಹಿಡಿಯುತ್ತಾರೆ. ಮೇಲೆ ನಿವೇಶನದ ಮಾಲೀಕ ಕಾಫಿ ಹಿಡಿದು ನಿಂತಿದ್ದಾನೆ.

"ಏನೂ ಸಿಗದೇ ಇರ್ಲಿ ಅಂತ ಹರಕೆ ಹೊತ್ತಿದೀನಿ ಮಾವ. ನೀನೂ ಸ್ವಲ್ಪ ಕಣ್ಣು ಮಂಜು ಮಾಡ್ಕೊ."

ಗ್ರೀಸಿನ ಈ ಥೀಬ್ಸಿನಲ್ಲಿ ಪಾಯ ತೋಡಿದವರಿಗೆಲ್ಲ ನೆಲದಡಿ ಹೂತಿರುವ, ಪುರಾಣದ ಕಾಡ್ಮಸ್ ರಾಜನ ಊರು ಅಡ್ಡ ಬರುತ್ತದೆ. ಹಳೇ ಗೋಡೆಯೊಂದು ಕಂಡರೆ ಸಾಕು, ಕಟ್ಟಡದ ಕೆಲಸ ನಿಂತುಹೋಗುತ್ತದೆ. ಮ್ಯೂಸಿಯಮ್ಮಿನ ಎಷ್ಟೋ ಮಡಕೆಗಳು ಅರ್ಗಿರಿಸ್ ಕೈಯಿಂದಲೇ ಮೇಲೆ ಬಂದವು. ಆದರೂ ಕಾಫಿ ಅಂಗಡಿಗೆ ಕಾಲಿಟ್ಟರೆ ಯಾರಾದರೊಬ್ಬರು "ಮನೆಮುರುಕ ಬಂದ" ಎನ್ನುತ್ತಾರೆ.

ಅವರು ಮುರಿದದ್ದು ಸ್ವಂತ ಮಗಳ ಮನೆಯನ್ನು.

ಕೆಲವು ವರ್ಷಗಳ ಹಿಂದೆ, ತಂದೆಯಿಂದ ಬಂದ ಜಾಗದಲ್ಲಿ ಮಗಳು ವಾಸೋಗೆಂದು ಪಾಯ ತೋಡಿದ್ದು ಅವರೇ. ಸೊಂಟದಾಳದಲ್ಲಿ ಪ್ರಾಚೀನ ಕಾಲದ ಒಂದು ಕಲ್ಲಿನ ಒಲೆ ಕಂಡಿತು. ಪಕ್ಕದಲ್ಲೇ ಸ್ನಾನದ ಸುಟ್ಟಮಣ್ಣಿನ ತೊಟ್ಟಿ, ಅಂಚು ಕೂಡ ಮುಕ್ಕಾಗಿರಲಿಲ್ಲ. ಕಾಂಕ್ರೀಟ್ ಲಾರಿ ಆಗಲೇ ಬೀದಿಗೆ ಬಂದಿತ್ತು. ಹೆಂಡತಿಯ ತಮ್ಮ ಲಾಂಬ್ರೋಸ್ ತಗ್ಗಿದ ದನಿಯಲ್ಲಿ ಹೇಳಿದ: "ಸುರಿದ್ಬಿಡು ಭಾವ. ಮೂರು ಸಾವಿರ ವರ್ಷ ಸುಮ್ನಿದ್ದದ್ದು ಇನ್ನೂ ಸುಮ್ನಿರತ್ತೆ."

ಅರ್ಗಿರಿಸ್ ಲಾರಿ ವಾಪಸು ಕಳಿಸಿ, ಕೈಕಾಲಿನ ಮಣ್ಣನ್ನೂ ತೊಳೆಯದೆ ಪುರಾತತ್ವ ಕಚೇರಿಗೆ ಹೋಗಿ ತಿಳಿಸಿದರು. ಅಧಿಕಾರಿಗಳು ಬಂದು ಬೆನ್ನು ತಟ್ಟಿದರು, ತೊಟ್ಟಿ ಒಯ್ದರು, ಬೇಲಿ ಹಾಕಿ ಬೀಗ ಜಡಿದರು. ಮನೆ ಕಟ್ಟಬಹುದೇ ಎಂಬ ಪ್ರಶ್ನೆ ಇಂದಿಗೂ ಪರಿಶೀಲನೆಯಲ್ಲಿದೆ. ಆಗ ತುಂಬು ಬಸುರಿಯಾಗಿದ್ದ ವಾಸೋ ಲಿವಾಡಿಯಾದಲ್ಲಿ ಅತ್ತೆಮನೆಯ ಹಿಂದಿನ ಕೋಣೆ ಸೇರಿದಳು. ಅಪ್ಪನ ಜೊತೆ ಮಾತು ನಿಲ್ಲಿಸಿದಳು.

ಈ ವಸಂತದಲ್ಲಿ ತೊಟ್ಟಿಯನ್ನು ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟಾಗ ಅರ್ಗಿರಿಸ್ ಹೇಳಿ ಕಳಿಸಿದರು. ವಾಸೋ ಮಗಳನ್ನು ಕರೆದುಕೊಂಡು ಬಂದಳು. ಗಾಜಿನ ಮುಂದೆ ಬಹಳ ಹೊತ್ತು ನಿಂತಳು.

"ಯಾರೋ ಇದ್ರಲ್ಲಿ ತಮ್ ಮಗೂಗೆ ಸ್ನಾನ ಮಾಡ್ಸಿದಾರೆ," ಎಂದಳು. "ನನ್ ಮಗು ಇನ್ನೊಬ್ರ ಮನೇಲಿ ಸ್ನಾನಕ್ಕೂ ಸರದಿ ಕಾಯ್ತಿದೆ."

ಅಷ್ಟು ಹೇಳಿ ಮುಂದಿನ ಬಸ್ಸಿಗೇ ಹೊರಟಳು. ಮೊಮ್ಮಗಳಿಗೆಂದು ತಂದಿದ್ದ ಎಳ್ಳಿನ ಬ್ರೆಡ್ಡು ಅಜ್ಜನ ಜೇಬಿನಲ್ಲೇ ಉಳಿಯಿತು.

ಮತ್ತೆ ಅಂಥ ದಿನ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಅರ್ಗಿರಿಸ್ ಕುಂಚದ ಮಣ್ಣು ಕೊಡವುತ್ತಾರೆ. "ಲಾರೀನ ವಾಪಸ್ ಕಳಿಸ್ತೀನಿ. ಆಮೇಲೆ ಮನೇಗ್ ಹೋಗಿ ಅಳ್ತೀನಿ. ಹೋದ್ಸಲಾನೂ ಅದನ್ನೇ ಮಾಡಿದ್ದು."

ಬೇಲಿಯೊಳಗೆ ಉಳಿದ ಆ ಹಳೇ ಒಲೆಯ ಮೇಲೆ ಈಗ ಕಳೆ ಎದೆಯೆತ್ತರ ಬೆಳೆದಿದೆ. ಬೇರು ಇಳಿದರೆ ಕಲ್ಲು ಬಿರಿಯುತ್ತದೆ. ಕೀಳುವವರಿಲ್ಲ. ಅವರು ಕೇಳುತ್ತಿರುವುದು ಇಷ್ಟೇ.

"ಬೀಗದ ಕೈ ಒಂದ್ ಕೊಡ್ಲಿ, ನಾನೇ ಕಿತ್ತು ಹಾಕ್ತೀನಿ. ನನ್ ಜಾಗಕ್ಕೆ ನಾನೇ ಬೇಲಿ ಹಾರೋ ವಯಸ್ಸಲ್ಲ ಇದು."