ಬೆಳ್ಳಿ ಫಲಕಕ್ಕೆ ಹೋದ ನಿನ್ನ ಸರದಿ

ಕುಶಾಲಪ್ಪ, ನಿನ್ನ ಮೇಷ್ಟ್ರ ಕೆಲಸ ಕಳೆದವನು ನಾನು. ಬೆಂಗಳೂರಿನವರಲ್ಲ, ಮೈಸೂರಿನವರೂ ಅಲ್ಲ — ಮೇಜಿನ ಹಿಂದೆ ಕೂತು ‘ಬಾರಯ್ಯ, ಕೂರು’ ಅಂತ ನಿನ್ನನ್ನು ಕರೆಯುತ್ತಿದ್ದ ನಾನೇ. ಇಷ್ಟು ವರ್ಷ ನೀನು ಯಾರ‍್ಯಾರಿಗೋ ಶಾಪ ಹಾಕುತ್ತಾ ಬಂದೆ. ಅದು ಕಿವಿಗೆ ಬಿದ್ದರೂ ನಾನು ತೆಪ್ಪಗಿದ್ದೆ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಉದ್ಯೋಗ ವಿನಿಮಯ ಕಚೇರಿಯ ಅಧಿಕಾರಿ. ಕೆಲಸ ಬೇಕಾದವರು ಬಂದು ಹೆಸರು ಬರೆಸುತ್ತಿದ್ದರು. ಯಾವುದಾದರೂ ಇಲಾಖೆ ಜನ ಕೇಳಿದರೆ ಮೊದಲು ಬರೆಸಿದವರನ್ನು ಮೊದಲು ಕಳಿಸಬೇಕು. ಒಮ್ಮೆ ನಮ್ಮಿಂದ ಕಾಯಂ ಕೆಲಸ ಸಿಕ್ಕಿತೆಂದರೆ ಹೆಸರು ಹೊಡೆದುಹಾಕುತ್ತಿದ್ದೆವು. ಮತ್ತೆ ಬಂದವನು ಸಾಲಿನ ಕೊನೆಗೇ ನಿಲ್ಲಬೇಕು. ನೀನು ಭಾಗಮಂಡಲದ ಆಚೆಯವನು. ಮಳೆಗೆ ಬಸ್ಸು ನಿಂತರೂ ನಡೆದು ಬಂದು, ಮಳೆಗೆ ಹೊದ್ದ ಗೊರಬೆ ಹೊರಗಿಟ್ಟು, ಒದ್ದೆಯಾಗದ ಹಾಗೆ ಕಟ್ಟಿಕೊಂಡು ತಂದ ಕಾರ್ಡು ಬಿಚ್ಚಿ ನವೀಕರಿಸಿಕೊಂಡು ಹೋಗುತ್ತಿದ್ದೆ. ಮೇಷ್ಟ್ರ ಕೆಲಸಕ್ಕೆ ಕಾಯುವವರಲ್ಲಿ ನೀನೇ ಮೊದಲಿಗ. ಸರ್ಕಾರಿ ಕೆಲಸದ ವಯಸ್ಸು ನಿನಗೆ ಮೀರುತ್ತಾ ಬಂದಿತ್ತು, ಅದೂ ನನಗೆ ಗೊತ್ತಿತ್ತು.

ಆ ವರ್ಷ ನಮ್ಮ ಇಲಾಖೆಯವರು ಒಂದು ಬಹುಮಾನ ಇಟ್ಟರು. ಕಾದು ಕೂತವರಲ್ಲಿ ಹೆಚ್ಚು ಜನರಿಗೆ ಕೆಲಸ ಕೊಡಿಸಿದ ಕಚೇರಿಗೆ ಬೆಳ್ಳಿ ಫಲಕ, ಅಧಿಕಾರಿಗೆ ಶಾಲು. ನನಗೆ ಅದರ ಹುಚ್ಚು ಹಿಡಿಯಿತು. ಈ ಮೂಲೆಯ ಜಿಲ್ಲೆಯವರು ಏನು ಮಾಡಿಯಾರು ಅಂತ ಮೇಲಿನವರು ನಗುತ್ತಾರೆ, ತೋರಿಸಿಬಿಡೋಣ ಅಂತ — ಹಾಗಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಲಾ? ನನಗೆ ಶಾಲು ಬೇಕಿತ್ತು, ಅಷ್ಟೆ.

ಕಾಫಿ ಹಣ್ಣಾಗಿ ಪಿಕ್ಕಿಂಗ್ ಶುರುವಾಗಿತ್ತು. ತಿತಿಮತಿ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ನನಗೆ ಬೇಕಾದವನು. ಹಣ್ಣು ಅಳೆಸಿಕೊಳ್ಳಲು, ಒಣಗಿಸುವ ಕಣದಲ್ಲಿ ಕಾವಲಿರಲು ಜನ ಬೇಕು ಅಂದ. ಪಿಕ್ಕಿಂಗ್ ಮುಗಿದರೆ ಆ ಕೆಲಸವೂ ಮುಗಿಯಿತು. ಅಂಥದ್ದನ್ನು ಬಹುಮಾನದ ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ನಾನು ಕಾಯಂ ಕೆಲಸ ಅಂತ ತೋರಿಸಿ, ಕಾಯುತ್ತಿದ್ದವರನ್ನು ಗುಂಪುಗುಂಪಾಗಿ ಅಲ್ಲಿಗೆ ಅಟ್ಟಿದೆ. ಉಳಿದವರು ಖುಷಿಯಿಂದಲೇ ಹೋದರು. ನೀನೊಬ್ಬ ಬಾಗಿಲ ಹತ್ತಿರ ನಿಂತು ಕೇಳಿದೆ:

“ಸಾರ್, ಎಸ್ಟೇಟಿಗೆ ಹೋದರೆ ನನ್ನ ಸರದಿ ಹೋಗುದಿಲ್ಲ ಅಲ್ಲ?”

“ಎಲ್ಲೂ ಹೋಗಲ್ಲ ಹೋಗಯ್ಯ. ನಾನಿಲ್ವಾ ಇಲ್ಲಿ?”

ಥೂ, ಎಷ್ಟು ಸಲೀಸಾಗಿ ಹೊರಳಿತು ನಾಲಿಗೆ! ನೀನು ಮೆಟ್ಟಿಲಿಳಿಯುವ ಮೊದಲೇ ನಿನ್ನ ಹೆಸರಿನ ಮೇಲೆ ಗೆರೆ ಎಳೆದಿದ್ದೆ.

ಫಲಕ ನಮಗೇ ಬಂತು. ಸಮಾರಂಭಕ್ಕೆ ಕೆಲಸ ಸಿಕ್ಕವನೊಬ್ಬ ಮಾತಾಡಬೇಕು ಅಂದರು. ಚೆನ್ನಾಗಿ ಮಾತಾಡುವವನು ಅಂತ ನಿನ್ನನ್ನೇ ಕರೆಸಿದೆ — ಎಂಥ ಧೈರ್ಯ ನೋಡು ನನ್ನದು. ನೀನು ಪುಟ್ಟ ತಂಗಿಯ ಕೈ ಹಿಡಿದುಕೊಂಡು, ಒಂದು ಬಾಟಲಿ ಜೇನು ತಂದಿದ್ದೆ. ವೇದಿಕೆ ಹತ್ತಿ, “ಈ ಸಾರ್ ನಮ್ಮಂಥವರ ಕೈ ಬಿಡುದಿಲ್ಲ” ಅಂದೆ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆ ಜೇನನ್ನು ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿಗೆ ಹಚ್ಚಿಕೊಂಡು ತಿಂದೆವು.

ಪಿಕ್ಕಿಂಗ್ ಮುಗಿದು ನೀನು ಊರಿಗೆ ಹೋದೆ. ಅದೇ ಬೇಸಿಗೆಯಲ್ಲಿ ನಿನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಗೇ ಮೇಷ್ಟ್ರು ಬೇಕಾದರು. ಸಾಲಿನಲ್ಲಿ ನಿನ್ನ ಹಿಂದಿದ್ದವನು ಹೋದ. ಸುದ್ದಿ ತಿಳಿದು ನೀನು ಓಡಿ ಬಂದೆ. “ನನಗೆ ಯಾಕೆ ಕಾಗದ ಬರ್ಲಿಲ್ಲ ಸಾರ್?”

ಆಗಲಾದರೂ... ಮೇಲಿನವರಿಗೆ ತಪ್ಪೊಪ್ಪಿಕೊಂಡು ನಿನ್ನ ಸರದಿ ಮರಳಿ ಕೊಡಿಸಬಹುದಿತ್ತು. ಕೊಡಿಸಿದ್ದರೆ ಫಲಕದ ಬಂಡವಾಳ ಬಯಲಾಗುತ್ತಿತ್ತು. ನಾನು ನಿಟ್ಟುಸಿರು ಬಿಟ್ಟು ಹೇಳಿದೆ: “ಎಲ್ಲಾ ಬೆಂಗಳೂರಿನವರದ್ದೇ ಕಾರುಬಾರು ಕಣಯ್ಯ. ನಮ್ಮ ಕೊಡಗಿನ ಸರ್ಕಾರ ಹೋಯ್ತು, ನಮ್ಮ ಕೈಯಲ್ಲಿ ಏನಿದೆ?”

ಆಗ ಕೊಡಗಿನ ಪ್ರತಿ ಹೋಟೆಲಿನಲ್ಲೂ ಅದೇ ಮಾತು. ರಸ್ತೆ ಕೆಟ್ಟರೆ ಬೆಂಗಳೂರು, ಗೊಬ್ಬರ ಬರದಿದ್ದರೆ ಬೆಂಗಳೂರು. ಜನರ ಆ ಸಂಕಟದಲ್ಲಿ ಎಷ್ಟು ಸತ್ಯವಿತ್ತೋ, ನಾನಂತೂ ಅದನ್ನು ನನ್ನ ಕೊಳಕು ಒರೆಸಲು ಬಳಸಿದೆ. ನೀನು ಒಂದು ಚೂರೂ ಅನುಮಾನಪಡಲಿಲ್ಲ. “ನೀವಾದ್ರೂ ಎಂತ ಮಾಡ್ತೀರಿ ಸಾರ್,” ಅಂತ ನನಗೇ ಸಮಾಧಾನ ಹೇಳಿ ಹೋದೆ. ಮುಂದಿನ ಮಳೆಗಾಲದೊಳಗೆ ನಿನ್ನ ವಯಸ್ಸು ಮೀರಿತು.

ಇದನ್ನು ನುಂಗಿಕೊಂಡೇ ಸಾಯುತ್ತಿದ್ದೆನೇನೋ. ಪಿಂಚಣಿಯಲ್ಲಿದ್ದೇನೆ, ಕೇಳುವವರು ಯಾರೂ ಇಲ್ಲ. ಆದರೆ ಮೊನ್ನೆ ಬಸ್ಸಿನಲ್ಲಿ ಒಬ್ಬಳು ಹುಡುಗಿ ನನ್ನ ಗುರುತು ಹಿಡಿದು ಎದ್ದು ಸೀಟು ಬಿಟ್ಟುಕೊಟ್ಟಳು — ನಿನ್ನ ತಂಗಿ ಸೀತೆ. ಮೇಷ್ಟ್ರ ತರಬೇತಿ ಮುಗಿಸಿದ್ದಾಳಂತೆ. ಹೆಸರು ಬರೆಸಿದ್ದೀಯೇನಮ್ಮ ಅಂದೆ.

“ಇಲ್ಲ ಸಾರ್. ಅಣ್ಣ ಬೇಡ ಅಂದ. ಅದೆಲ್ಲ ಬೆಂಗಳೂರಿನವರಿಗೆ ಮಾತ್ರ, ನಮಗೆ ಸಿಕ್ಕುದಿಲ್ಲ ಅಂತ ನೀವೇ ಹೇಳಿದ್ರಂತೆ ಅಲ್ಲ?”

ನಾನು ಆ ಸೀಟಿನಲ್ಲಿ ಕೂತೇ ಇದ್ದೆ, ಕುಶಾಲಪ್ಪ. ಅವಳು ನಿಂತಿದ್ದಳು. ಅವಳಿಗೂ ವಯಸ್ಸು ಮೀರಲು ಹೆಚ್ಚು ಕಾಲವಿಲ್ಲ. ಆ ಬಸ್ಸಿನಲ್ಲೂ ನಾನು ಬಾಯಿ ಬಿಡಲಿಲ್ಲ — ಇಂಥ ಹೇಡಿ ನಾನು.

ನಾಳೆ ಮೊದಲ ಬಸ್ಸಿಗೆ ನಿನ್ನ ಮನೆಗೆ ಬರುತ್ತೇನೆ. ಕ್ಷಮಿಸು ಅಂತ ಕೇಳುವುದಕ್ಕಲ್ಲ, ಆ ಮುಖ ನನಗಿಲ್ಲ. ನೀನು ಬೈದರೂ ಸರಿ, ಹೊಡೆದರೂ ಸರಿ. ಬಾಗಿಲು ಹಾಕಿಕೊಂಡರೆ ಜಗಲಿಯಲ್ಲೇ ನಿಂತು, ಒಳಗಿರುವ ಸೀತೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತೇನೆ: ನಿನ್ನ ಅಣ್ಣನ ಸರದಿ ಕದ್ದವನು ನಾನು, ನೀನು ಹೋಗಿ ಹೆಸರು ಬರೆಸಮ್ಮ.